ಪರದೆಯ ಹಿಂದೆ ಹೇಳಿದ್ದು

ಮೇಟ್ರನ್ನರ ಮಗಳು ಏಳೂವರೆ ತಿಂಗಳ ಹೊಟ್ಟೆ ಹೊತ್ತುಕೊಂಡು ವ್ಯಾಯಾಮದ ಕೋಣೆಯ ಬಾಗಿಲಲ್ಲಿ ನಿಂತಾಗ ಟೀಚರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಬಾರದಿತ್ತು, ನಿಜ. ಗರ್ಭಿಣಿಯನ್ನು ನೋಡಿ ಖುಷಿಪಡುವುದಕ್ಕೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ, ಇದು ಅವುಗಳಲ್ಲಿ ಒಂದಲ್ಲ. ಆದರೆ ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಕಾದವರಿಗೆ ಯಾವ ಖುಷಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಆರಿಸುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು?

"ಇಲ್ಲೇನಾ ಮೇಡಂ ಬಾಣಂತಿ ವ್ಯಾಯಾಮದ ಕ್ಲಾಸು? ಅಮ್ಮ ಬೇಡವೇ ಬೇಡ ಅಂದ್ರು. ನಾನೇ ಬಂದೆ," ಎಂದು ಹುಡುಗಿ ನಕ್ಕಳು.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ," ಎಂದಳು ಟೀಚರ್. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುಡು ಎನ್ನುವ ಕೋಣೆಯ ಪಕ್ಕದಲ್ಲಿ ಅವಳ ಕ್ಲಾಸು. ಎಂಟು ಚಾಪೆ, ಗೋಡೆಯುದ್ದ ಒಂದು ಕನ್ನಡಿ, ಎಷ್ಟೋ ತಾಯಂದಿರ ಕೈಯಲ್ಲಿ ನಲುಗಿ ಕತ್ತು ಸಡಿಲವಾದ ಬಟ್ಟೆಯ ಗೊಂಬೆ, ಮೂಲೆಯಲ್ಲೊಂದು ಹಸಿರು ಪರದೆ, ಅದರ ಹಿಂದೊಂದು ಮಂಚ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಗರ್ಭಿಣಿಯರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹೆರಿಗೆಯ ನಂತರದ ವ್ಯಾಯಾಮವನ್ನು ಹೆರಿಗೆಗೆ ಮುಂಚೆ ಯಾಕೆ ಕಲಿಸುತ್ತೀರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ಹೆತ್ತ ಮೇಲೆ ನಿಮ್ಮ ಕಿವಿ ನಿಮ್ಮದಲ್ಲ, ಮಗೂದು. ಆಗ ನಾನು ಬಾಯಿ ಬಡ್ಕೊಂಡ್ರೂ ಕೇಳ್ಸಲ್ಲ. ಅದಕ್ಕೇ ಈಗಲೇ ಬಡ್ಕೊಳ್ತೀನಿ."

ನಾಲ್ಕು ಬುಧವಾರಗಳ ಪಾಠ. ಉಸಿರನ್ನು ಹೊಟ್ಟೆಯ ತಳದವರೆಗೆ ಇಳಿಸುವುದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು, ಹತ್ತು ಎಣಿಸಿ ಬಿಡುವುದು. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳುವುದು. ಬಸಿರಿನಲ್ಲಿ ಹೊಟ್ಟೆಯ ಸ್ನಾಯುಗಳು ನಡುವೆ ಬಿಟ್ಟುಕೊಂಡಿರುತ್ತವಲ್ಲ, ಅಲ್ಲಿ ಬೆರಳಿಟ್ಟು ಅವು ಎಷ್ಟು ಹತ್ತಿರ ಬಂದಿವೆ ಎಂದು ನೋಡಿಕೊಳ್ಳುವುದು. ಅವು ಕೂಡಿಕೊಳ್ಳುವವರೆಗೆ ಅಂಗಾತ ಮಲಗಿ ನೇರ ಎದ್ದು ಕೂರುವ ವ್ಯಾಯಾಮ ಮಾತ್ರ ಕೂಡದು. ಪಾಠ ಮುಗಿದ ಮೇಲೆ ಒಬ್ಬೊಬ್ಬರೂ ಐದು ನಿಮಿಷ ಪರದೆಯ ಹಿಂದೆ ಹೋಗಿ, ನಾಲ್ಕು ಜನರ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಬಹುದಿತ್ತು. ಸೋರುವುದು, ಮೂಲವ್ಯಾಧಿ, ಗಂಡನ ಆತುರ, ಅತ್ತೆಯ ನಾಲಿಗೆ, ಏನು ಬೇಕಾದರೂ. "ಪರದೆ ಹಿಂದೆ ಹೇಳಿದ್ದು ಪರದೆ ಹಿಂದೇನೇ ಇರುತ್ತೆ," ಎಂದು ಅವಳು ಮೊದಲ ದಿನವೇ ಮಾತು ಕೊಡುತ್ತಿದ್ದಳು, ಇಷ್ಟು ವರ್ಷ ಆ ಮಾತಿಗೆ ತಪ್ಪಿರಲೂ ಇಲ್ಲ.

ಹನ್ನೊಂದು ವರ್ಷದ ಹಿಂದೆ ಅವಳು ಇದೇ ಆಸ್ಪತ್ರೆಯಲ್ಲಿ ನರ್ಸು. ಮಗಳನ್ನು ಹೆತ್ತದ್ದೂ ಇಲ್ಲೇ. ಮೇಟ್ರನ್ ಆಗ ಬರೆದು ಅಚ್ಚು ಹಾಕಿಸಿದ್ದ ಒಂದು ಹಳದಿ ಕಾಗದವಿತ್ತು, ಈಗಲೂ ಇದೆ, ಬಾಣಂತಿಯರಿಗೆಲ್ಲ ಹಂಚುತ್ತಾರೆ. ಎರಡನೇ ದಿನದಿಂದಲೇ ಅಂಗಾತ ಮಲಗಿ, ಕೈಗಳನ್ನು ತಲೆಯ ಹಿಂದೆ ಕಟ್ಟಿ, ನೇರ ಎದ್ದು ಕೂರಬೇಕು, ದಿನಕ್ಕೆ ಐವತ್ತು ಸಲ, ಹೊಟ್ಟೆ ಒಳಗೆ ಹೋಗುತ್ತದೆ ಎಂದು ಅದರಲ್ಲಿದೆ. ಅವಳು ವಿಧೇಯ ನರ್ಸು, ಐವತ್ತು ಅಂದರೆ ಐವತ್ತು ಮಾಡಿದಳು. ಹೊಟ್ಟೆ ಒಳಗೆ ಹೋಗಲಿಲ್ಲ, ನಡುವೆ ಏಣು ಬಂದು ಉಬ್ಬಿತು. ಕೆಳಗೆ ಹಿಡಿತವೇ ತಪ್ಪಿಹೋಯಿತು. ನೋವಿದೆ, ತಡೆಯಲು ಆಗುತ್ತಿಲ್ಲ ಎಂದು ಹೇಳಿಕೊಂಡರೆ ಮೇಟ್ರನ್, "ಎಲ್ಲಾ ಹೆಂಗಸ್ರಿಗೂ ಆಗೋದೇ, ನೀನೇನು ಆಕಾಶದಿಂದ ಇಳಿದವಳಾ?" ಎಂದು ಎರಡನೇ ತಿಂಗಳಿಗೇ ಡ್ಯೂಟಿಗೆ ಹಾಕಿದರು.

ಡ್ಯೂಟಿಗೆ ಬಂದ ಮೊದಲ ವಾರವೇ, ಒಂದು ಬೆಳಿಗ್ಗೆ ವಾರ್ಡಿನಲ್ಲಿ ರೌಂಡ್ಸು. ಡಾಕ್ಟರು, ಕಲಿಯುವ ನರ್ಸುಗಳು, ರೋಗಿಗಳ ಮನೆಯವರು, ಒಟ್ಟು ಮೂವತ್ತು ಜನ. ಭಾರಿ ಮೈಯ ಒಬ್ಬಾಕೆಯನ್ನು ಎತ್ತಿ ಕೂರಿಸುವಾಗ ಅವಳಿಗೆ ಅಲ್ಲೇ, ನಿಂತಲ್ಲೇ ಆಗಿಹೋಯಿತು. ಬೂಟು ನೆನೆದು ನೆಲದ ಮೇಲೆ ಹರಿಯಿತು. ಮೇಟ್ರನ್ ಕೆಳಗೆ ನೋಡಿದರು, ಮೇಲೆ ನೋಡಿದರು. "ಏನಮ್ಮಾ, ನಲ್ಲಿ ತಿರುಗಿಸೋದು ಮರೆತ್ಯಾ?" ಎಂದರು. ಮೂವತ್ತು ಜನವೂ ನಕ್ಕರು. ನಗದೆ ಏನು ಮಾಡುತ್ತಾರೆ, ಮಾತು ಹಾಗಿತ್ತು. ಅಂದಿನಿಂದ ಅವಳ ಹೆಸರು ನಲ್ಲಿ ಸಿಸ್ಟರ್. ವಾರ್ಡ್ ಬಾಯ್ ಕೂಡ ಹಾಗೇ ಕರೆದ. ಆರು ತಿಂಗಳು ತಡೆದುಕೊಂಡು ಕೆಲಸ ಬಿಟ್ಟಳು. ಬೇರೆ ಊರಿಗೆ ಹೋಗಿ ಈ ವ್ಯಾಯಾಮವನ್ನೇ ಓದಿದಳು, ಮೊದಲು ತನ್ನ ಮೈಯನ್ನು ರಿಪೇರಿ ಮಾಡಿಕೊಂಡಳು, ಆಮೇಲೆ ಇದೇ ಆಸ್ಪತ್ರೆಗೆ ಅರ್ಜಿ ಹಾಕಿ ಟೀಚರಾಗಿ ಬಂದಳು. ಹೆಂಗಸರಿಗೆ ಒಳ್ಳೆಯದಾಗಲಿ ಎಂದು ಬಂದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅರ್ಧ ನಿಜ.

ಉಳಿದ ಅರ್ಧ ಮೇಟ್ರನ್. ಅವರಂತೂ ಎಲ್ಲವನ್ನೂ ಮರೆತೇಬಿಟ್ಟಿದ್ದರು. ಅದೇ ಅವಳಿಗೆ ಹೆಚ್ಚು ಉರಿಯುತ್ತಿದ್ದದ್ದು. ಹಳದಿ ಕಾಗದ ಬದಲಿಸಿ ಎಂದು ಐದು ಸಲ ಬರೆದುಕೊಟ್ಟರೆ ಐದು ಸಲವೂ ನಗುನಗುತ್ತ ವಾಪಸು ಕೊಟ್ಟಿದ್ದರು.

ಈಗ ಅವರ ಮಗಳೇ ಬಂದಿದ್ದಾಳೆ.

ಮೊದಲ ದಿನ ಟೀಚರ್ ಎಲ್ಲ ಹೇಳಿಕೊಟ್ಟಳು, ಎದ್ದು ಕೂರುವ ವ್ಯಾಯಾಮದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಉಳಿದ ಏಳು ಜನಕ್ಕೆ ಆಮೇಲೆ ಒಬ್ಬೊಬ್ಬರಿಗೇ ಕಿವಿಯಲ್ಲಿ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದಳು, ಹೇಳಿಯೂ ಬಿಟ್ಟಳು. ಹುಡುಗಿ ಕೈಚೀಲದಿಂದ ಹಳದಿ ಕಾಗದ ತೆಗೆದು ಮುಂದೆ ಹಿಡಿದಳು.

"ಇದು ಅಮ್ಮ ಬರೆದಿದ್ದು. ಇದನ್ನೂ ಮಾಡ್ಬೇಕಾ ಮೇಡಂ?"

"ನಿಮ್ಮ ತಾಯಿಗಿಂತ ನಾನು ದೊಡ್ಡವಳಾ? ಚಾಚೂ ತಪ್ಪದೆ ಮಾಡಿ," ಎಂದಳು ಟೀಚರ್.

ಎಷ್ಟು ಸಲೀಸಾದ ಸೇಡು ನೋಡಿ. ಕೈ ಎತ್ತಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ. ಮೇಟ್ರನ್ ಬರೆದದ್ದನ್ನು ಮೇಟ್ರನ್ ಮಗಳೇ ಮಾಡಿ, ಮೇಟ್ರನ್ ಕಣ್ಣೆದುರೇ ಹಾಳಾಗಲಿ. ಸಂಜೆ ಮನೆಯಲ್ಲಿ ತರಕಾರಿ ಹೆಚ್ಚುತ್ತ ಅವಳು ಹಾಡು ಗುನುಗುತ್ತಿದ್ದುದನ್ನು ಕಂಡು ಅತ್ತೆಗೆ ಅನುಮಾನ ಬಂತು. ಬಸ್ಸು ಓಡಿಸಿ ದಣಿದು ಬಂದಿದ್ದ ಗಂಡನಿಗೆ ಯಾವ ಅನುಮಾನವೂ ಬರಲಿಲ್ಲ, ಅವನಿಗೆ ಹಸಿವು. ಅತ್ತೆ ಬಿಡದೆ ಕೇಳಿ ಕೇಳಿ ಬಾಯಿ ಬಿಡಿಸಿದರು.

"ಹನ್ನೊಂದು ವರ್ಷದ ಸಿಟ್ಟೇನೇ?" ಎಂದರು ಅತ್ತೆ. "ನಿನ್ನ ಮಗಳಷ್ಟೇ ವಯಸ್ಸಾಯ್ತಲ್ಲ. ಇನ್ನೊಂದಷ್ಟು ವರ್ಷ ಸಾಕಿದ್ರೆ ಅದಕ್ಕೂ ಗಂಡು ಹುಡುಕ್ಬೇಕಾಗುತ್ತೆ."

"ನಗಬೇಡಿ ಅತ್ತೆ. ನಿಮಗಾಗಿದ್ರೆ ಗೊತ್ತಾಗ್ತಿತ್ತು."

"ನಗ್ತಿಲ್ಲ. ಆ ಹುಡುಗಿ ನಿನಗೇನು ಮಾಡಿದ್ಲು, ಅಷ್ಟು ಹೇಳು."

ಅವಳು ಕುಕ್ಕರಿನ ಮೇಲೆ ಸಿಟ್ಟು ತೋರಿಸಿದಳು.

ತೊಂದರೆ ಏನೆಂದರೆ, ಹುಡುಗಿ ಒಳ್ಳೆಯವಳಾಗಿದ್ದಳು. ಜಂಬದ ಕೋಳಿಯಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಎರಡನೇ ಬುಧವಾರ ಗೊಂಬೆಯ ಕತ್ತಿಗೆ ದಾರ ಹಾಕಿ ಹೊಲಿದು ಕೊಟ್ಟಳು. ಪಕ್ಕದ ಚಾಪೆಯ ಅವಳಿ ಬಸಿರಿನವಳಿಗೆ ಎದ್ದೇಳಲು ಹೆಗಲು ಕೊಟ್ಟಳು. ಮೂರನೆಯ ಬುಧವಾರ ಪರದೆಯ ಹಿಂದೆ ಬಂದು ಮಂಚದ ಮೇಲೆ ಕೂತು, ಪರದೆಯ ಅಂಚನ್ನು ಇನ್ನಷ್ಟು ಎಳೆದು ಮುಚ್ಚಿದಳು.

"ಹೇಳಿ. ಇಲ್ಲಿ ಯಾರೂ ಇಲ್ಲ," ಎಂದಳು ಟೀಚರ್.

"ನನ್ನ ವಿಷಯ ಅಲ್ಲ ಮೇಡಂ, ಅಮ್ಮಂದು." ಹುಡುಗಿ ದನಿ ತಗ್ಗಿಸಿದಳು. "ಅಮ್ಮಂಗೆ ನಿಲ್ಲಲ್ಲ. ಸೀನಿದ್ರೆ, ಕೆಮ್ಮಿದ್ರೆ, ಜೋರಾಗಿ ನಕ್ರೂ ಆಗ್ಬಿಡುತ್ತೆ. ನಾನು ಹುಟ್ಟಿದಾಗಿಂದ ಹಾಗೇ ಅಂತೆ. ಡ್ಯೂಟೀಲಿ ಗಂಟೆಗೊಂದು ಸಲ ಬಟ್ಟೆ ಬದಲಾಯಿಸ್ತಾರೆ. ಯಾರಿಗೂ ಗೊತ್ತಿಲ್ಲ, ಅಪ್ಪಂಗೂ ಗೊತ್ತಿಲ್ಲ. ನಾನು ಚಿಕ್ಕೋಳಿದ್ದಾಗ ಒಗೆಯೋ ಬಟ್ಟೆ ನೋಡಿ ಕೇಳ್ದೆ, ಕೆನ್ನೆಗೆ ಹೊಡೆದ್ರು. ನಂಗೂ ಹಾಗೇ ಆಗುತ್ತಾ ಮೇಡಂ? ಆ ಭಯಕ್ಕೇ ನಾನು ಇಲ್ಲಿಗೆ ಬಂದಿದ್ದು."

ಪಕ್ಕದ ಕೋಣೆಯ ಯಂತ್ರಗಳು ಗುಡುಗುಡು ಎನ್ನುತ್ತಲೇ ಇದ್ದವು. ಟೀಚರ್ ಹುಡುಗಿಯ ಮುಖವನ್ನೇ ನೋಡಿದಳು. ಇಪ್ಪತ್ತೈದರ ಆಸುಪಾಸು, ಹನ್ನೊಂದು ವರ್ಷದ ಹಿಂದೆ ತನಗಿದ್ದಷ್ಟೇ ವಯಸ್ಸು. ಈ ಹುಡುಗಿಯನ್ನು ಹಾಳು ಮಾಡುವುದು ತನ್ನಿಂದಾಗದ ಮಾತು ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು.

"ಆ ಹಳದಿ ಕಾಗದ ಹರಿದುಹಾಕಿ," ಎಂದಳು. "ಮೊದಲ ದಿನ ನಾನು ಹೇಳಿದ್ದು ತಪ್ಪು. ಹೆತ್ತ ಎರಡನೇ ದಿನಕ್ಕೇ ನೇರ ಎದ್ದು ಕೂರೋಕೆ ಹೋದ್ರೆ ಹೊಟ್ಟೆ ನಡುವೆ ಇನ್ನೂ ಬಿಟ್ಕೊಳ್ಳುತ್ತೆ, ಕೆಳಗಿನ ಹಿಡಿತ ಹೋಗುತ್ತೆ. ಸತ್ರೂ ಮಾಡ್ಬೇಡಿ." ಬೆರಳಿಟ್ಟು ನೋಡುವುದನ್ನು, ಪಕ್ಕಕ್ಕೆ ಹೊರಳುವುದನ್ನು ಮತ್ತೆ ಮೂರು ಸಲ ಮಾಡಿಸಿದಳು. ಹುಡುಗಿ ಅವಳ ಎರಡೂ ಕೈ ಹಿಡಿದುಕೊಂಡು, "ನೀವು ಸಿಕ್ಕಿದ್ದು ನನ್ನ ಪುಣ್ಯ," ಎಂದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಟೀಚರ್ ದೊಡ್ಡ ಮನಸ್ಸಿನವಳು ಎಂದು ನಾವೆಲ್ಲ ಹೊಗಳಿ ಎದ್ದುಹೋಗಬಹುದಿತ್ತು. ಆದರೆ ಮೆಟ್ಟಿಲು ಇಳಿಯುವಾಗ ಅವಳ ತಲೆಯಲ್ಲಿ ಹುಡುಗಿ ಇರಲಿಲ್ಲ. ಮೇಟ್ರನ್ ಇದ್ದರು. ಹಾಗಾದರೆ ತಾನು ನೆನೆದು ನಿಂತ ಆ ದಿನ, ನಲ್ಲಿ ಎಂದು ನಗಿಸಿದ ಆ ದಿನ, ಆಕೆಯೂ ಬಿಳಿ ಯೂನಿಫಾರ್ಮಿನೊಳಗೆ ಮಡಚಿದ ಬಟ್ಟೆ ಇಟ್ಟುಕೊಂಡೇ ನಿಂತಿದ್ದರು! ಗೊತ್ತಿದ್ದೂ ನಗಿಸಿದರು. ಯಾರ ಕಣ್ಣೂ ತನ್ನ ಕಡೆ ಬೀಳದಿರಲಿ ಎಂದು ಮೂವತ್ತು ಜನರ ಕಣ್ಣನ್ನು ಒಬ್ಬ ಹಸಿ ಬಾಣಂತಿಯ ಬೂಟಿನ ಕಡೆ ತಿರುಗಿಸಿದರು. ಇಷ್ಟು ವರ್ಷ ಅವಳಿಗೆ ಮೇಟ್ರನ್ ಮೇಲೆ ಇದ್ದದ್ದು ಸಿಟ್ಟು. ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಅದು ಹಗೆಯಾಗಿತ್ತು.

ನಾಲ್ಕನೆಯ ಬುಧವಾರ ಜೊತೆಯವರ ದಿನ. ಬಾಣಂತನ ಮಾಡುವವರು, ಅಂದರೆ ತಾಯಿಯೋ ಅತ್ತೆಯೋ ಅಕ್ಕನೋ, ಗರ್ಭಿಣಿಯ ಜೊತೆ ಬಂದು ಎಲ್ಲವನ್ನೂ ತಾವೂ ಮಾಡಿ ಕಲಿಯಬೇಕು, ಮನೆಯಲ್ಲಿ ಮಾಡಿಸಬೇಕಾದವರು ಅವರೇ ತಾನೆ. ಟೀಚರ್ ಸ್ವತಃ ಮೇಟ್ರನ್ನರ ಕೋಣೆಗೆ ಹೋಗಿ ಬೆಣ್ಣೆಯಂಥ ಮಾತಿನಲ್ಲಿ ಕರೆದಳು. "ನೀವು ಬಂದ್ರೆ ನನ್ನ ಕ್ಲಾಸಿಗೆ ಒಂದು ಗೌರವ ಮೇಟ್ರನ್. ಮಗಳಿಗೂ ಸಂತೋಷ." ಮೇಟ್ರನ್ ಗಡಿಯಾರ ನೋಡಿ, ಅರ್ಧ ಗಂಟೆ ಮಾತ್ರ ಎಂದರು.

ಅಂದು ಅವಳು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಮ್ಮಿ, ಕುಪ್ಪಳಿಸಿ ಹಿಡಿತ ಎಷ್ಟಿದೆ ನೋಡುವ ಒಂದು ಪರೀಕ್ಷೆ ಇದೆ. ಹೆರಿಗೆಯಾಗಿ ಮೂರು ತಿಂಗಳ ಮೇಲೆ, ಮೂತ್ರಕ್ಕೆ ಹೋಗಿಬಂದ ಮೇಲೆ, ಪರದೆಯ ಹಿಂದೆ ಒಬ್ಬೊಬ್ಬರಿಗೇ ಮಾಡಿಸುವಂಥದ್ದು. ಜೊತೆಯವರ ದಿನ ಅದನ್ನು ಅವಳು ಯಾವತ್ತೂ ಮಾಡಿಸಿದವಳಲ್ಲ. ಅಂದು ಬಂದವರಿಗೆಲ್ಲ ಮೊದಲು ಎರಡೆರಡು ಲೋಟ ನೀರು ಕುಡಿಸಿದಳು. ಮೇಟ್ರನ್ ಬೇಡ ಎಂದಾಗ, "ಬಾಣಂತಿಗೆ ನೀರು ಕುಡಿಸೋದನ್ನ ನಾವೇ ಕುಡಿದು ತೋರಿಸ್ಬೇಕಲ್ವಾ?" ಎಂದು ಎಲ್ಲರೆದುರು ಕೈಗಿಟ್ಟಳು. ಉಸಿರಾಟ, ಹೊರಳುವುದು, ಹೆಗಲು, ಬೆನ್ನು ಎಂದು ಅರ್ಧ ಗಂಟೆಯನ್ನು ಒಂದು ಗಂಟೆಗೆ ಎಳೆದಳು. ಮೇಟ್ರನ್ ಎರಡು ಸಲ ಬಾಗಿಲ ಕಡೆ ನೋಡಿದರು. ಎರಡು ಸಲವೂ, "ಇನ್ನೊಂದೇ ಒಂದು, ಮೇಟ್ರನ್," ಎಂದು ತಡೆದಳು.

"ಈಗ ಜೊತೆಯವರು ಎದ್ದು ನಿಲ್ಲಿ. ಗರ್ಭಿಣಿಯರು ಕೂತು ನೋಡಿ. ನಾನು ಎಣಿಸಿದ ಹಾಗೆ ಹತ್ತು ಸಲ ಕುಪ್ಪಳಿಸ್ಬೇಕು."

ಎಂಟು ಜನ ದೊಡ್ಡ ಹೆಂಗಸರು ಸಾಲಾಗಿ ನಿಂತರು. ಕುಪ್ಪಳಿಸುವುದಾ ಎಂದು ನಗೆಯೆದ್ದಿತು. ಮೇಟ್ರನ್ ನಗಲಿಲ್ಲ.

"ನಂಗೆ ಮಂಡಿ ನೋವು," ಎಂದರು.

"ಮೇಟ್ರನ್ನೇ ಹಿಂದೆ ಸರಿದ್ರೆ ಇವರೆಲ್ಲ ಏನು ಕಲೀಬೇಕು?" ಟೀಚರ್ ಎಲ್ಲರ ಮುಖವನ್ನೂ ನೋಡಿದಳು. "ಮೂರೇ ಮೂರು ಸಲ. ಅಷ್ಟೂ ಆಗಲ್ವಾ?"

ಮಗಳು ಚಾಪೆಯ ಮೇಲಿಂದ, "ಬೇಡ ಮೇಡಂ, ಅಮ್ಮ ಕೂತ್ಕೊಳ್ಳಲಿ," ಎಂದಳು. ಅವಳ ದನಿಯಲ್ಲಿ ಗಾಬರಿಯಿತ್ತು. ಟೀಚರಿಗೆ ಅದು ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಕೇಳಿಸದವಳ ಹಾಗೆ, "ಒಂದು," ಎಂದಳು.

ಮೇಟ್ರನ್ ಮೂವತ್ತು ವರ್ಷ ಯಾರ ಮುಂದೆಯೂ ಆಗಲ್ಲ ಎಂದವರಲ್ಲ. ಆ ಹಮ್ಮೇ ಅವರನ್ನು ನೆಲದಿಂದ ಎತ್ತಿತು. ಒಂದಕ್ಕೆ ಕುಪ್ಪಳಿಸಿದರು. ಎರಡಕ್ಕೆ ತುಟಿ ಕಚ್ಚಿದರು. ಮೂರಕ್ಕೆ ಕಾಲು ಊರಿದವರು ಮೊಣಕಾಲು ಕೂಡಿಸಿ ಹಾಗೇ ನಿಂತರು. ಬಿಳಿ ಯೂನಿಫಾರ್ಮಿನ ಮೇಲೆ ಕಲೆ ಹರಡಿತು, ಬಿಳಿ ಬೂಟಿನ ಪಕ್ಕ ನೆಲ ಒದ್ದೆಯಾಯಿತು. ಉಳಿದ ಏಳು ಜನ ಕುಪ್ಪಳಿಸುವುದನ್ನು ನಿಲ್ಲಿಸಿದರು. ಕನ್ನಡಿಯಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ಟೀಚರ್ ಹನ್ನೊಂದು ವರ್ಷ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ಏನ್ ಮೇಟ್ರನ್, ನಲ್ಲಿ ತಿರುಗಿಸೋದು ಮರೆತ್ರಾ?"

ಯಾರೂ ನಗಲಿಲ್ಲ. ಮೇಟ್ರನ್ ತಲೆಯೆತ್ತಿದರು. ಅವರಿಗೆ ನೆನಪಾಯಿತು, ಅವರ ಕಣ್ಣಿನಲ್ಲಿ ಆ ಹಳೆಯ ವಾರ್ಡು ಬಂದು ನಿಂತದ್ದು ಟೀಚರಿಗೆ ಸ್ಪಷ್ಟವಾಗಿ ಕಂಡಿತು. ಅವಳ ಎದೆ ತಣ್ಣಗಾಯಿತು. ಆಹಾ, ಎಂಥ ತಂಪು! ಹನ್ನೊಂದು ವರ್ಷದಲ್ಲಿ ಅಷ್ಟು ಹಗುರಾಗಿ ಅವಳು ಒಮ್ಮೆಯೂ ಉಸಿರಾಡಿರಲಿಲ್ಲ. ಅದು ಉಳಿದದ್ದು ಹತ್ತು ಎಣಿಸುವಷ್ಟು ಹೊತ್ತು.

ಹುಡುಗಿ ಪಕ್ಕಕ್ಕೆ ಹೊರಳಿ, ಕೈ ಊರಿ, ಕಲಿಸಿದಂತೆಯೇ ಎದ್ದಳು. ಹೊದ್ದಿದ್ದ ಶಾಲು ತೆಗೆದು ತಾಯಿಯ ಸೊಂಟಕ್ಕೆ ಸುತ್ತಿದಳು. ಆಮೇಲೆ ಟೀಚರ್ ಕಡೆ ತಿರುಗಿದಳು.

"ನಿಮಗೆ ಮೊದಲೇ ಗೊತ್ತಿತ್ತು. ನಾನೇ ಹೇಳಿದ್ದೆ. ಪರದೆ ಹಿಂದೆ ಹೇಳಿದ್ದೆ."

ಕೋಣೆಯಲ್ಲಿ ಇನ್ನೂ ಏಳು ಜನ ಗರ್ಭಿಣಿಯರಿದ್ದರು, ಏಳು ಜನವೂ ಪರದೆಯ ಹಿಂದೆ ಏನೇನೋ ಹೇಳಿಕೊಂಡಿದ್ದವರು. ಒಬ್ಬೊಬ್ಬರೇ ಟೀಚರ್ ಮುಖ ನೋಡಿದರು, ತಮ್ಮ ಜೊತೆ ಬಂದವರ ಮುಖ ನೋಡಿದರು, ಚೀಲ ಹುಡುಕತೊಡಗಿದರು. ಅವಳಿ ಬಸಿರಿನವಳು ಹೆಚ್ಚುಕಡಿಮೆ ಓಡಿದಳು. ಐದು ನಿಮಿಷದಲ್ಲಿ ಕೋಣೆ ಖಾಲಿ. ಟೀಚರ್ ಒಬ್ಬಳೇ ಒರೆಸುವ ಬಟ್ಟೆ ತಂದು ನೆಲ ಒರೆಸಿದಳು.

ಮುಂದಿನ ಬುಧವಾರ ಹೊಸ ಗುಂಪಿನಿಂದ ಇಬ್ಬರು ಬಂದರು, ಅದರ ಮುಂದಿನ ವಾರ ಯಾರೂ ಬರಲಿಲ್ಲ. ಮೇಟ್ರನ್ ರಜೆ ಹಾಕಿದ್ದರು. ಅತ್ತೆ ಏನಾಯಿತು ಎಂದು ಕೇಳಿದರು, ಅವಳು ಹೇಳಿದಳು, ಅತ್ತೆ ಎದ್ದು ಒಳಗೆ ಹೋದರು. ಗಂಡ ಮಾತ್ರ, "ಆಯ್ತಲ್ಲ ಬಿಡು, ತೀರಿಸ್ಕೊಂಡ್ಯಲ್ಲ," ಎಂದ. ತೀರಿಸಿಕೊಂಡಿದ್ದಳು, ನಿಜ. ಆದರೂ ಊಟ ಸೇರುತ್ತಿರಲಿಲ್ಲ. ಹೋಗಲಿ, ಹುಡುಗಿಗಾದರೂ ಎಲ್ಲ ಕಲಿಸಿದ್ದೇನೆ, ಅವಳ ಮೈ ಉಳಿಯುತ್ತದೆ, ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಹಿಡಿದುಕೊಳ್ಳಲು ಅವಳಿಗೆ ಉಳಿದಿದ್ದುದು ಅದೊಂದೇ.

ಮೂರನೇ ವಾರ ಹುಡುಗಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಹೆತ್ತ ಮರುದಿನ ಬಾಣಂತಿಯರ ಹತ್ತಿರ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟು ಮೊದಲ ಉಸಿರಾಟ ಮಾಡಿಸುವುದು ಟೀಚರ್ ಕೆಲಸ. ಹೋಗದೇ ಇರಬಹುದಿತ್ತು. ಹೋದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗಿಂದ ಮಂಚ ಕಿರ್ ಕಿರ್ ಎನ್ನುತ್ತಿತ್ತು.

ಹುಡುಗಿ ಅಂಗಾತ ಮಲಗಿದ್ದಳು, ಕೈಗಳು ತಲೆಯ ಹಿಂದೆ. ಹಲ್ಲು ಕಚ್ಚಿ ನೇರ ಎದ್ದು ಕೂತಳು, ಮತ್ತೆ ಮಲಗಿದಳು, ಮತ್ತೆ ಎದ್ದಳು. ಎದ್ದಾಗಲೆಲ್ಲ ಅಂಗಿಯ ಅಡಿಯಲ್ಲಿ ಹೊಟ್ಟೆಯ ನಡುವೆ ಏಣು ಉಬ್ಬುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಮೇಟ್ರನ್ ಮಗುವನ್ನು ಎದೆಗವಚಿಕೊಂಡು ಕೂತಿದ್ದರು. ಯೂನಿಫಾರ್ಮಿಲ್ಲದೆ ಅವರು ಚಿಕ್ಕವರಾಗಿ ಕಾಣುತ್ತಿದ್ದರು.

"ನಿಲ್ಸಿ!" ಟೀಚರ್ ಒಳಗೆ ನುಗ್ಗಿದಳು. "ಏನ್ ಮಾಡ್ತಿದ್ದೀರಾ? ಇದನ್ನ ಸತ್ರೂ ಮಾಡ್ಬೇಡಿ ಅಂದಿದ್ನಲ್ಲ!"

"ಅಮ್ಮ ಬರೆದಿದ್ದಾರೆ," ಎಂದಳು ಹುಡುಗಿ ಏದುಸಿರಿನಲ್ಲಿ. "ಐವತ್ತು ಸಲ."

"ನಾನು ಬರೆದಿದ್ದು ತಪ್ಪು ಕಣೇ," ಎಂದರು ಮೇಟ್ರನ್. "ಬೆಳಿಗ್ಗೆಯಿಂದ ಹೇಳ್ತಿದ್ದೀನಿ. ನನ್ನ ಗತಿ ನೋಡು, ನಿಂಗೆ ಬೇಡ. ಇವರು ಹೇಳೋದು ಸರಿ, ಇವರ ಮಾತು ಕೇಳು."

"ಇವರ ಮಾತು ನಂಗೆ ಬೇಡ."

ಟೀಚರ್ ಮಂಚದ ಅಂಚಿಗೆ ಬಂದಳು. "ನನ್ನ ಮೇಲಿನ ಸಿಟ್ಟನ್ನ ನಿಮ್ಮ ಮೈ ಮೇಲೆ ತೀರಿಸ್ಕೋಬೇಡಿ. ಕೈ ಮುಗೀತೀನಿ. ನಂಗೆ ಬೈರಿ, ಬೇಕಾದ್ರೆ ಹೊಡೀರಿ."

"ನಿಮಗೆ ಅಮ್ಮನ ಮೇಲೆ ಸಿಟ್ಟಿತ್ತು. ನೀವು ಅದನ್ನ ತೀರಿಸ್ಕೊಂಡಿದ್ದು ಯಾರು ನಂಬಿ ಹೇಳಿದ ಮಾತಿಂದ?" ಹುಡುಗಿ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. "ನಾನು ನಿಮ್ಮ ಕೈಲಿ ಕಲಿತದ್ದು ಒಂದೂ ನಂಗೆ ಬೇಡ. ನೋಡ್ತಾ ನಿಂತ್ಕೊಳ್ಳಿ."

ಹಾಗೆಂದು ಮತ್ತೆ ಎದ್ದಳು. ನೋವಿಗೆ ಅವಳ ಕಣ್ಣಲ್ಲಿ ನೀರು ತುಂಬಿತು. ಟೀಚರ್ ಹೆಗಲು ಹಿಡಿದು ಮಲಗಿಸಲು ಕೈ ಚಾಚಿದಳು, ಹುಡುಗಿ ಆ ಕೈಯನ್ನು ತಳ್ಳಿದ ರಭಸಕ್ಕೆ ಮಗು ಬೆಚ್ಚಿ ಅತ್ತಿತು.

ಮೇಟ್ರನ್ ಕುರ್ಚಿಯಿಂದ ಎದ್ದರು. ಇಬ್ಬರೂ ಎದುರುಬದುರು ನಿಂತರು. ಬೈಯುತ್ತಾರೆ ಎಂದು ಟೀಚರ್ ಕಾದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

"ನೀವು ಹೊರಗೆ ಹೋಗಿ," ಎಂದರು ಮೇಟ್ರನ್ ಮೆಲ್ಲಗೆ. "ನೀವು ಎದುರಿಗೆ ಇರೋವರೆಗೂ ಇವಳು ನಿಲ್ಲಿಸಲ್ಲ. ದಯವಿಟ್ಟು ಹೋಗಿ."

ಅವಳು ಹೋದಳು. ಬಾಗಿಲು ಎಳೆದುಕೊಂಡು ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಮಗುವಿನ ಅಳು ನಿಧಾನವಾಗಿ ಇಳಿಯಿತು, ಮೇಟ್ರನ್ ಏನೋ ಬೇಡಿಕೊಳ್ಳುವುದು ಕೇಳಿಸಿತು, ಆಮೇಲೆ ಎಲ್ಲ ಸ್ತಬ್ಧವಾಯಿತು. ನಿಲ್ಲಿಸಿದಳೇನೋ ಎಂದು ಅವಳು ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಗೊಟ್ಟಳು.

ಮಂಚ ಮತ್ತೆ ಕಿರ್ ಎಂದಿತು.